ಮೊದಲು ಲಂಟಾನ, ಸಸಿ ಆಮೇಲೆ

ಜೂನ್ ಬಂತೆಂದರೆ ಧಾರವಾಡದ ಶಾಲೆಗಳಿಂದ ನನಗೆ ಬರುವ ಕೋರಿಕೆ ಒಂದೇ: ಪರಿಸರ ದಿನಕ್ಕೆ ಮಕ್ಕಳಿಂದ ಸಸಿ ನೆಡಿಸಿ. ಅದೇ ಮಕ್ಕಳು ಮಾರ್ಚ್ ಬಿಸಿಲಿನಲ್ಲೂ ಬರುವುದಾದರೆ ಮಾತ್ರ ಒಪ್ಪುತ್ತೇನೆ. ಫೋಟೊ ತೆಗೆಸಿಕೊಂಡ ಸಸಿಗಳು ಒಂದು ಬೇಸಿಗೆಯನ್ನೂ ದಾಟದೆ ಒಣಗಿದ್ದನ್ನು ಸಾಕಷ್ಟು ನೋಡಿದ್ದೇನೆ.

ಅರಣ್ಯ ಇಲಾಖೆಯ ಅನುಮತಿ ಪಡೆದು ನಾವು ಕೆಲಸ ಮಾಡುವುದು ಕೆಲಗೇರಿ ಕಡೆಯ ಒಂದು ದಿಬ್ಬದಲ್ಲಿ. ಮಸಾರಿ ನೆಲ, ಅಲ್ಲಲ್ಲಿ ಕಲ್ಲು, ಉಳಿದೆಲ್ಲ ಲಂಟಾನ ಎಂಬ, ಹೊರದೇಶದಿಂದ ಬಂದು ಹಬ್ಬಿದ ಕಳೆಪೊದೆ. ಹೊಸಬರ ಕೈಗೆ ಮೊದಲು ಕೊಡುವುದು ಗುದ್ದಲಿ. ಲಂಟಾನವನ್ನು ಮೇಲಿಂದ ಮೇಲೆ ಸವರಿದರೆ ಅದು ಇನ್ನಷ್ಟು ಕವಲೊಡೆಯುತ್ತದೆ. ಮುಂಗಾರಿಗೆ ನೆಲ ಮೆತ್ತಗಾದಾಗ ಬುಡದ ಮಣ್ಣು ಸರಿಸಿ, ಕಾಂಡ ಬೇರಿಗೆ ಸೇರುವ ಗಂಟಿನ ಕೆಳಗೆ, ಎರಡು ಮೂರು ಬೆರಳು ಆಳದಲ್ಲಿ ಕಡಿಯಬೇಕು. ಕಿತ್ತ ಪೊದೆಯನ್ನು ಬೇರು ಮೇಲಾಗುವಂತೆ ಬೋರಲು ಹಾಕಬೇಕು. ಇಲ್ಲದಿದ್ದರೆ ನೆಲ ತಾಗಿದಲ್ಲಿ ಮತ್ತೆ ಬೇರು ಬಿಡುತ್ತದೆ. ಹಣ್ಣಾಗಲು ಬಿಟ್ಟರೆ ಪಿಕಳಾರಗಳು ತಿಂದು, ತಾವು ಕೂರುವ ಮರಗಳ ಕೆಳಗೆಲ್ಲ ಬೀಜ ಉದುರಿಸುತ್ತವೆ. ಮಳೆಯ ನಂತರ ಅಲ್ಲಿ ಹುಡುಕಿದರೆ ಬೆರಳುದ್ದದ ಲಂಟಾನ ಸಸಿಗಳು ಸಿಗುತ್ತವೆ. ಅವನ್ನು ಚಿಕ್ಕ ಮಕ್ಕಳೂ ಕೈಯಿಂದ ಕೀಳಬಲ್ಲರು.

ಹೀಗೆ ಕೀಳುತ್ತಿದ್ದ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಥಟ್ಟನೆ ಕೈ ಹಿಂತೆಗೆದಳು. "ಅಕ್ಕಾ, ಇದು ಪತ್ರಾವಳಿಯ ಎಲೆಯಲ್ಲವೇ? ನಮ್ಮ ಅಜ್ಜಿ ಹಚ್ಚುತ್ತಾರೆ." ಬಾಗಿ ನೋಡಿದರೆ ಮೂರೆಲೆಯ ಮುತ್ತುಗ, ಪೊದೆಯ ಕತ್ತಲಲ್ಲಿ ತಾನಾಗಿ ಹುಟ್ಟಿದ್ದು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಇಂಥವು ಅದೇ ನೆಲದಲ್ಲಿ ಬೇರೂರಿರುವುದರಿಂದ ನರ್ಸರಿಯ ಸಸಿಗಿಂತ ಗಟ್ಟಿ. ಸುತ್ತ ಮುಳ್ಳು ಹಾಕಿ ಕಾಯುತ್ತೇವೆ. ಏನೂ ಹುಟ್ಟದ ಜಾಗದಲ್ಲಿ ಮಾತ್ರ ದಿಂಡಿಗ, ಮತ್ತಿ, ಕಕ್ಕೆ, ಬಿಲ್ವಪತ್ರೆ ನೆಡುತ್ತೇವೆ.

ಹಸಿರಾಗಿರುವುದನ್ನು ಕೀಳುವುದು ತಪ್ಪಲ್ಲವೇ ಎಂದು ಪ್ರತಿ ವರ್ಷವೂ ಯಾರಾದರೂ ಕೇಳುತ್ತಾರೆ. ಆಗ ಕುಸನೂರಿನ ಕಥೆ ಹೇಳುತ್ತೇನೆ. ಈಗಿನ ಹಾವೇರಿ ಜಿಲ್ಲೆಯ ಆ ಊರಿನಲ್ಲಿ, ಹಳ್ಳಿಗರ ಸಾಮೂಹಿಕ ಭೂಮಿಯಲ್ಲಿ ಕಾರ್ಖಾನೆಗಾಗಿ ಬೆಳೆಸಿದ್ದ ನೀಲಗಿರಿಯನ್ನು 1987ರಲ್ಲಿ ಜನರೇ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಜೊತೆಗಿದ್ದ ಆ ಸತ್ಯಾಗ್ರಹದ ಹೆಸರೇ ಕಿತ್ತಿಕೊ–ಹಚ್ಚಿಕೊ. ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ.

ಬೇಸಿಗೆಯ ಕೆಲಸ ಸರಳ: ಬುಡಕ್ಕೆ ಒಣ ಎಲೆ ಹೊದಿಸುವುದು, ಸಂಜೆ ನೀರು ಹಾಕುವುದು, ಪ್ರತಿಯೊಬ್ಬರೂ ತಮ್ಮ ಗಿಡದ ಎತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು. ಶಿಕ್ಷಕರಲ್ಲಿ ನನ್ನದೊಂದು ವಿನಂತಿ: ಹತ್ತನೆಯವರನ್ನು ಕಳಿಸಬೇಡಿ, ಮಾರ್ಚ್‌ನಲ್ಲಿ ಅವರಿಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರುತ್ತದೆ. ಎಂಟನೆಯವರನ್ನು ಕಳಿಸಿದರೆ ಸಸಿಗಳಿಗೆ ಎರಡು ಬೇಸಿಗೆಯ ಆರೈಕೆ ಸಿಗುತ್ತದೆ.