ಮಲಗುವ ಕೋಣೆಯ ಹಳೇ ಸೀಲಿಂಗ್: ಮುಚ್ಚುವ ಮೊದಲು ಟಾರ್ಚ್ ಹಿಡಿದು ನೋಡಿ

ಅಂಗಾತ ಮಲಗಿದರೆ ಕಣ್ಣಿಗೆ ಬೀಳುವುದು ಸೀಲಿಂಗೇ ಅಲ್ವಾ? ಅದಕ್ಕೇ ಅಲ್ಲಿನ ಕಲೆ, ಬಿರುಕು ಅಷ್ಟು ಕಿರಿಕಿರಿ ಮಾಡುತ್ತವೆ. ಹಾಗಂತ ತಕ್ಷಣ ಜಿಪ್ಸಮ್ ಬೋರ್ಡು (ಎರಡೂ ಕಡೆ ಕಾಗದ ಅಂಟಿಸಿದ ಜಿಪ್ಸಮ್ ಹಲಗೆ) ತಂದು ಮುಚ್ಚಬೇಡಿ. ಅದು ಯಾಕೆ ಕೆಟ್ಟಿದೆ ಅಂತ ಮೊದಲು ತಿಳಿದುಕೊಳ್ಳಿ.

ರಾತ್ರಿ ಲೈಟ್ ಆರಿಸಿ, ಏಣಿ ಹತ್ತಿ, ಟಾರ್ಚನ್ನು ಸೀಲಿಂಗಿಗೆ ತಾಗುವ ಹಾಗೆ ಓರೆಯಾಗಿ ಹಿಡಿಯಿರಿ. ಹಗಲಲ್ಲಿ ಕಾಣದ ಉಬ್ಬು, ತಗ್ಗು, ಎದ್ದ ಪದರ ಎಲ್ಲಕ್ಕೂ ನೆರಳು ಬೀಳುತ್ತದೆ. ಪೆನ್ಸಿಲಲ್ಲಿ ಗುರುತು ಹಾಕಿ. ಬೆರಳಲ್ಲಿ ತಟ್ಟಿ, ಟೊಳ್ಳು ಸದ್ದು ಬಂದ ಕಡೆ ಗಾರೆ ಬಿಟ್ಟಿದೆ ಅಂತ ಅರ್ಥ, ಅದನ್ನು ಉದುರಿಸಿಯೇ ಮುಂದೆ ಹೋಗಬೇಕು.

ಹಳದಿ ಅಥವಾ ಕಂದು ಕಲೆ ಇದ್ದರೆ ಸಾಮಾನ್ಯವಾಗಿ ಮೇಲಿಂದ ನೀರು ಸೋರಿರುತ್ತದೆ. ಮೊದಲು ಸೋರಿಕೆ ನಿಲ್ಲಿಸಿ, ಪೂರ್ತಿ ಒಣಗಲು ಬಿಡಿ. ತೇವದ ಮೇಲೆ ಏನೇ ಮುಚ್ಚಿದರೂ ಒಳಗೆ ಬೂಷ್ಟು ಹಿಡಿಯುತ್ತದೆ, ಅದರ ಕೆಳಗೇ ನೀವು ಉಸಿರಾಡುತ್ತಾ ಮಲಗಬೇಕು. ಒಣಗಿದ ಮೇಲೂ ನೀರಿನ ಪೇಂಟ್ ನೇರವಾಗಿ ಬಳಿದರೆ ಕಲೆ ಮತ್ತೆ ಮೇಲೆ ಬರುತ್ತದೆ. ಕಲೆ ತಡೆಯುವ ಪ್ರೈಮರ್ (ಪೇಂಟಿಗೆ ಮೊದಲು ಬಳಿಯುವ ತಳದ ಕೋಟ್), ಎಣ್ಣೆಯದ್ದೋ ಶೆಲ್ಯಾಕ್ ಅಂದರೆ ಅರಗಿನದ್ದೋ, ಒಂದು ಕೋಟ್ ಹೊಡೆಯಿರಿ.

ಇನ್ನು ಹರಳು ಹರಳಾಗಿ ಉಬ್ಬಿರುವ ಹಳೇ ಟೆಕ್ಸ್ಚರ್ ಲೇಪ. ಅದು 1990ಕ್ಕಿಂತ ಮೊದಲಿನದಾದರೆ ಆಸ್ಬೆಸ್ಟಾಸ್ (ಉಸಿರಲ್ಲಿ ಒಳಗೆ ಹೋದರೆ ಶ್ವಾಸಕೋಶ ಕೆಡಿಸುವ ಖನಿಜದ ನಾರು) ಇರಬಹುದು. ದಯವಿಟ್ಟು ಸುಮ್ನೆ ಕೆರೆಯಬೇಡಿ, ಡ್ರಿಲ್ಲೂ ಹಾಕಬೇಡಿ. ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಇದೆ ಅಂತ ಗೊತ್ತಾದರೆ ಆ ಕೆಲಸ ಬಲ್ಲವರಿಗೇ ಬಿಡಿ. ಇಲ್ಲ ಅಂತ ಖಾತ್ರಿಯಾದರೆ ನೀರು ಚಿಮುಕಿಸಿ, ಹತ್ತು ಹದಿನೈದು ನಿಮಿಷ ನೆನೆಯಲು ಬಿಟ್ಟು, ಅಗಲ ಬಾಯಿಯ ಪುಟ್ಟಿ ಬ್ಲೇಡಿನಲ್ಲಿ ಮೆಲ್ಲಗೆ ಕೆರೆಯಿರಿ.

ಸೀಲಿಂಗ್ ಗಟ್ಟಿಯಾಗಿದ್ದರೆ ಪುಟ್ಟಿ, ಪ್ರೈಮರ್, ಪೇಂಟ್ ಸಾಕು, ಬೋರ್ಡಿನ ಖರ್ಚು ಬೇಡ ಅಂತಲೇ ನನ್ನ ಅಭಿಪ್ರಾಯ. ತೀರಾ ಅಂಕುಡೊಂಕಾಗಿದ್ದರೆ ಮಾತ್ರ ಜಿಪ್ಸಮ್ ಬೋರ್ಡಿಗೆ ಹೋಗಿ. ಹಳೇ ಸೀಲಿಂಗಿನ ಮೇಲೆ ಮರದ ತೊಲೆ ಇದ್ದರೆ ಸ್ಕ್ರೂ ಹೊಸ ಬೋರ್ಡು, ಹಳೇ ಸೀಲಿಂಗು ಎರಡನ್ನೂ ದಾಟಿ ಮರದೊಳಗೆ 1 ಇಂಚಾದರೂ ಇಳಿಯಬೇಕು. ಕಾಂಕ್ರೀಟ್ ಆದರೆ ಲೋಹದ ಚಾನೆಲ್ ಕಟ್ಟಿ ಅದಕ್ಕೆ ಬೋರ್ಡನ್ನು ಸ್ಕ್ರೂ ಹೊಡೆದು ಕೂರಿಸಬೇಕು. ಸ್ಕ್ರೂವಿನ ತಲೆ ಬೋರ್ಡಿನ ಕಾಗದವನ್ನು ಹರಿಯದೆ ಕೂದಲೆಳೆಯಷ್ಟು ಮಾತ್ರ ಒಳಗೆ ಕೂರಲಿ, ಕಾಗದ ಹರಿದರೆ ಹಿಡಿತವೇ ಹೋಯಿತು. 8 ಅಡಿ ಉದ್ದ 4 ಅಡಿ ಅಗಲದ ಬೋರ್ಡು 20 ಕೆ.ಜಿ.ಗೂ ಜಾಸ್ತಿ ತೂಗಬಹುದು, ಒಬ್ಬರೇ ಎತ್ತಲು ಹೋಗಬೇಡಿ.

ಫ್ಯಾನ್ ಇದ್ದರೆ ಮೇನ್ ಸ್ವಿಚ್ ಆಫ್ ಮಾಡಿಯೇ ಇಳಿಸಿ. ಅದರ ಭಾರ ಬೋರ್ಡಿನ ಮೇಲೆ ಬೀಳಲೇಬಾರದು, ಮೇಲಿನ ಗಟ್ಟಿ ಚಾವಣಿಯ ಕೊಕ್ಕೆಗೇ ಬೀಳಬೇಕು. ಸೀಲಿಂಗ್ ಕೆಳಗೆ ಬಂದಷ್ಟೂ ರೆಕ್ಕೆಯೂ ಕೆಳಗೆ ಬರುತ್ತದೆ, ನೆಲದಿಂದ 7 ಅಡಿಗಿಂತ ಕಮ್ಮಿಯಾಗದಂತೆ ಮೊದಲೇ ಅಳೆದುಕೊಳ್ಳಿ.

ಪ್ರೈಮರ್ ಒಣಗಿದ ಮೇಲೆ ಮತ್ತೊಮ್ಮೆ ಅದೇ ಟಾರ್ಚ್ ಹಿಡಿಯಿರಿ, ಉಳಿದ ತಗ್ಗು ತುಂಬಲು ಇದೇ ಕೊನೇ ಅವಕಾಶ. ಪೇಂಟ್ ಮ್ಯಾಟ್ ಇರಲಿ, ಹೊಳೆಯುವುದು ಪ್ರತಿ ದೋಷವನ್ನೂ ಎತ್ತಿ ತೋರಿಸುತ್ತದೆ. ಕೊನೇ ಕೋಟಿನ ರೋಲರ್ ಕಿಟಕಿಯ ಬೆಳಕು ಬರುವ ದಿಕ್ಕಿನಲ್ಲೇ ಓಡಲಿ, ಅಡ್ಡ ಹೊಡೆದರೆ ಬೆಳಗ್ಗೆ ಬಿಸಿಲಿಗೆ ಪಟ್ಟೆಪಟ್ಟೆಯಾಗಿ ಕಾಣುತ್ತದೆ.