ಎಲೆಕ್ಟ್ರಿಕ್ ಗಿಟಾರಿಗೆ ಮರ ಆರಿಸುವುದು ಹೇಗೆ?

ಮಹಾಗನಿಯಾದರೆ ದನಿ ಗಟ್ಟಿ, ಆಶ್ ಆದರೆ ಚುರುಕು ಎಂಬ ಮಾತು ಕೇಳಿ ದುಡ್ಡು ಸುರಿಯಬೇಡಿ. ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಯ ಕಂಪನ ಹಿಡಿಯುವುದು ಪಿಕಪ್, ಅಂದರೆ ತಂತಿಗಳ ಕೆಳಗಿರುವ ಅಯಸ್ಕಾಂತ ಮತ್ತು ತಂತಿಸುರುಳಿ. ಮರದ ಜಾತಿಗಿಂತ ಅದು ಎಷ್ಟು ಒಣಗಿದೆ, ಎಷ್ಟು ನೇರವಾಗಿದೆ ಅನ್ನುವುದೇ ಮುಖ್ಯ. ಒಳ್ಳೆಯ ತುಂಡು ಮೊದಲು ನೆಕ್‌ಗೆ (ಕೈಯಲ್ಲಿ ಹಿಡಿದು ತಂತಿ ಒತ್ತುವ ಉದ್ದನೆಯ ಭಾಗ) ಹೋಗಲಿ.

ನೆಕ್: ಬೋಲ್ಟ್ ಹಾಕಿ ಕೂರಿಸುವ ಚಪ್ಪಟೆ ತಲೆಯ ನೆಕ್‌ಗೆ 30 ಇಂಚು ಉದ್ದ, 3 ಅಗಲ, 1 ದಪ್ಪದ ತುಂಡು ಸಾಕು. 25.5 ಇಂಚಿನ ಸ್ಕೇಲಿನಲ್ಲಿ (ತಂತಿ ಕಂಪಿಸುವ ಉದ್ದ) 10–46 ತಂತಿ ಸೆಟ್ಟು (0.010ರಿಂದ 0.046 ಇಂಚು ದಪ್ಪದ ತಂತಿಗಳು) ಸುಮಾರು 46 ಕೆಜಿ ಭಾರದಷ್ಟು ಎಳೆಯುತ್ತದೆ. ಹಾಗಾಗಿ ಹಲಗೆಯ ತುದಿ ನೋಡಿ: ಉಂಗುರದ ಗೆರೆಗಳು ನೆಟ್ಟಗೆ ನಿಂತಿದ್ದರೆ ಉತ್ತಮ, ಬಿಲ್ಲಿನಂತೆ ಬಾಗಿದ್ದರೆ ಹಲಗೆ ಸೊಟ್ಟಗಾಗುವ ಸಂಭವ ಹೆಚ್ಚು. ಆಮೇಲೆ ಪಕ್ಕದಿಂದ ನೋಡಿ. ನಾರು ಓರೆಯಾಗಿ ಅಂಚಿನಿಂದಾಚೆ ಓಡಿದ್ದರೆ, ಗಿಟಾರ್ ಒಮ್ಮೆ ಬಿದ್ದರೂ ತಲೆಯ ಬಳಿ ಸೀಳಬಹುದು. ಗಂಟಿದ್ದರಂತೂ ಬೇಡವೇ ಬೇಡ.

ಬೆಂಗಳೂರಿನಲ್ಲಿ ಹಳೆ ಮನೆ ಕೆಡವಿದಾಗ ಸಿಗುವ ತೇಗದ ಚೌಕಟ್ಟು ನೆಕ್‌ಗೆ ಹೇಳಿ ಮಾಡಿಸಿದ್ದು. ದಶಕಗಳಿಂದ ಒಣಗಿ ಕೂತಿರುತ್ತದೆ. ಕೊಯ್ಯಿಸುವ ಮುನ್ನ ಅಯಸ್ಕಾಂತ ಆಡಿಸಿ, ಒಳಗೆ ಮುರಿದ ಮೊಳೆ ಇದ್ದರೆ ಮಿಲ್ಲಿನ ಬ್ಲೇಡು ಹೋಯಿತು. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಬಿಟ್ಟುಕೊಳ್ಳುವುದುಂಟು. ಅಸಿಟೋನ್‌ನಿಂದ ಒರೆಸಿ, ಅದು ಆರಿದ ಕೂಡಲೇ ಅಂಟಿಸಿ.

ಬಾಡಿ: 20 × 14 ಇಂಚು, ದಪ್ಪ 1.75. ಪ್ಲೇನರ್‌ನಲ್ಲಿ ಹೆರೆದು ಹೋಗುವುದನ್ನು ಲೆಕ್ಕ ಹಿಡಿದು 2 ಇಂಚಿನ ಹಲಗೆ ಕೇಳಿ, ಸುಮಾರು ಮೂರನೇ ಒಂದು ಸಿಎಫ್‌ಟಿ (ಘನ ಅಡಿ) ಆಗುತ್ತದೆ. ಅಷ್ಟು ಅಗಲದ ಒಂದೇ ಹಲಗೆ ಹುಡುಕುತ್ತ ಅಲೆಯಬೇಡಿ, ಎರಡು ತುಂಡು ಜೋಡಿಸಿದರೆ ಏನೂ ಕಡಿಮೆಯಾಗದು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಹೋದರೆ ತಕ್ಕಡಿಗೆ ಹಾಕಿಸಿ. ಈ ಅಳತೆಯ ತುಂಡು 4.5 ಕೆಜಿ ಒಳಗಿದ್ದರೆ ಹೆಗಲಿಗೆ ಹಿತ. ಅದೇ ಅಳತೆಯ ತೇಗ 5 ಕೆಜಿ ದಾಟುವುದು ಸಾಮಾನ್ಯ, ಮಹಾಗನಿ ಅದಕ್ಕಿಂತ ಹಗುರ. ವೀಣೆಯ ಹಲಸೂ ಆಗುತ್ತದೆ, ಚೇಗಿನ ಭಾಗ ಮಾತ್ರ ಆರಿಸಿ.

ಫ್ರೆಟ್‌ಬೋರ್ಡ್ (ನೆಕ್ ಮೇಲೆ ಅಂಟಿಸುವ, ಲೋಹದ ಫ್ರೆಟ್ಟುಗಳು ಕೂರುವ ಹಲಗೆ): 20 × 2.75 ಇಂಚು, 6 ಮಿ.ಮೀ. ದಪ್ಪ. ಬೀಟೆಗೆ ಸಾಟಿಯಿಲ್ಲ, ಆದರೆ ಬಿಲ್ ಇಲ್ಲದೆ ಕೊಳ್ಳಬೇಡಿ. 2017ರಿಂದ ಈ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟ್ಸ್ (ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರ ನಿಯಂತ್ರಿಸುವ ಒಪ್ಪಂದ) ನಿರ್ಬಂಧವಿದೆ.

ಒಣಗಿಸುವುದು: ಮಾಯಿಶ್ಚರ್ ಮೀಟರ್ 8ರಿಂದ 12 ಶೇಕಡಾ ತೋರಿಸಬೇಕು. ಅಂಗಡಿಯವರು ‘ಸೀಸನ್ ಆಗಿದೆ ಸಾರ್’ ಅನ್ನುವುದು ಬಾಗಿಲು, ಕಿಟಕಿಯ ಲೆಕ್ಕದಲ್ಲಿ. ಆಗಸ್ಟಿನ ತೇವದಲ್ಲಿ ಕೊಂಡು ತಕ್ಷಣ ಫ್ರೆಟ್ ಹೊಡೆದರೆ, ಮಾರ್ಚಿಗೆ ಮರ ಕುಗ್ಗಿ ಫ್ರೆಟ್ಟಿನ ತುದಿಗಳು ಕೈ ಗೀರುತ್ತವೆ. ಹಲಗೆಯ ಎರಡೂ ತುದಿಗೆ ಮೇಣ ಬಳಿಯಿರಿ, ಇಲ್ಲದಿದ್ದರೆ ತುದಿ ಬೇಗ ಒಣಗಿ ಸೀಳುತ್ತದೆ. ಹಲಗೆಗಳ ನಡುವೆ ರಿಪೀಸು (ಸಣ್ಣ ಮರದ ಪಟ್ಟಿ) ಕೊಟ್ಟು, ಬಿಸಿಲು ಬೀಳದ ಕಡೆ ಪೇರಿಸಿ. ವಾರಕ್ಕೊಮ್ಮೆ ತೂಗಿ, ತೂಕ ಇಳಿಯುವುದು ನಿಂತ ಮೇಲೆ ನೆಕ್ಕನ್ನು 3 ಮಿ.ಮೀ. ಹೆಚ್ಚಿಗೆ ಬಿಟ್ಟು ಒರಟಾಗಿ ಕೊಯ್ಯಿಸಿ, ಮತ್ತೆ ಮೂರು ವಾರ ಇಡಿ. ಕೊಯ್ದ ಮೇಲೆ ತಿರುಚಿಕೊಳ್ಳುವ ಮರ ಹೆಚ್ಚಾಗಿ ಆ ಅವಧಿಯಲ್ಲೇ ತಿರುಚಿಕೊಳ್ಳುತ್ತದೆ. ಬಾಗು ಆ 3 ಮಿ.ಮೀ. ಒಳಗಿದ್ದರೆ ಪ್ಲೇನ್ ಮಾಡಿಸಿ, ಮೀರಿದರೆ ಬೇರೆ ತುಂಡು ನೋಡಿ.