ನಿಮ್ಮ ಕಾರ್ಡನ್ನು ಬೇರೆಯವರು ಉಜ್ಜಿದರೆ: ದೂರು ಕೊಡುವುದು ಹೇಗೆ?

ಕಾರ್ಡ್ ಕಳೆದುಕೊಂಡವರು ಹೆಚ್ಚಾಗಿ ಎಡವುವುದು ಬ್ಯಾಂಕಿನಲ್ಲಲ್ಲ, ಪೊಲೀಸ್ ಠಾಣೆಯಲ್ಲಿ. 'ನನ್ನ ಕ್ರೆಡಿಟ್ ಕಾರ್ಡ್ ಕಳೆದುಹೋಗಿದೆ' ಎಂದು ಒಂದು ಸಾಲು ಬರೆದು ಕೊಡುತ್ತಾರೆ. ಕಳೆದ ವಸ್ತುವಿನ ಸ್ವೀಕೃತಿ ಸಿಗುತ್ತದೆ. ಅದನ್ನೇ ಎಫ್‌ಐಆರ್ ಅಂದುಕೊಂಡು ಮನೆಗೆ ಹೋಗುತ್ತಾರೆ. ತಿಂಗಳಾದ ಮೇಲೆ ವಿಚಾರಿಸಿದರೆ ಕೇಸೇ ಇರುವುದಿಲ್ಲ.

ಹಂತ 1: ಬ್ಲಾಕ್ ಮಾಡಿ. ಬ್ಯಾಂಕಿನ ಆ್ಯಪ್‌ನಲ್ಲಿ ಎರಡು ನಿಮಿಷದ ಕೆಲಸ. ಸಹಾಯವಾಣಿ ನಂಬರ್ ಇರುವುದು ಕಾರ್ಡಿನ ಹಿಂಬದಿಯಲ್ಲಿ, ಕಾರ್ಡೇ ಕೈಯಲ್ಲಿಲ್ಲ! ಹಾಗಂತ ಗೂಗಲ್‌ನಲ್ಲಿ ಮೊದಲು ಕಂಡ ನಂಬರಿಗೆ ಫೋನ್ ಮಾಡಬೇಡಿ. ನಕಲಿ ಕಸ್ಟಮರ್ ಕೇರ್‌ನವರು ಅಲ್ಲೇ ಕಾದಿರುತ್ತಾರೆ. ಇವತ್ತೇ ನಂಬರ್ ಸೇವ್ ಮಾಡಿಟ್ಟುಕೊಳ್ಳಿ.

ಹಂತ 2: ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಂತ 3: ಬ್ಯಾಂಕಿಗೆ ಬರಹದಲ್ಲಿ ತಿಳಿಸಿ. ಫೋನಿನಲ್ಲಿ ಹೇಳಿದ್ದು ಸಾಕು ಎನ್ನುವವರ ಮಾತು ಕೇಳಬೇಡಿ, ಇಮೇಲ್ ಕೂಡ ಹಾಕಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದರೆ, 3 ಕೆಲಸದ ದಿನಗಳೊಳಗೆ ತಿಳಿಸಿದವರು ಒಂದು ರೂಪಾಯಿಯನ್ನೂ ಕಟ್ಟಬೇಕಿಲ್ಲ. ಹಣ ಹೋದ ಬಗ್ಗೆ ಬ್ಯಾಂಕಿನ ಮೆಸೇಜ್ ಬಂದ ದಿನ ಲೆಕ್ಕಕ್ಕಿಲ್ಲ. 4ರಿಂದ 7ನೇ ಕೆಲಸದ ದಿನವಾದರೆ, 5 ಲಕ್ಷದವರೆಗಿನ ಮಿತಿಯ ಕಾರ್ಡಿಗೆ ಒಂದು ವಹಿವಾಟಿಗೆ ಹೆಚ್ಚೆಂದರೆ 10,000 ರೂಪಾಯಿ ನಿಮ್ಮ ತಲೆಗೆ. ಪಿನ್ ಅನ್ನು ಕಾರ್ಡಿನ ಮೇಲೇ ಬರೆದಿಟ್ಟಿದ್ದರೆ ಕಥೆಯೇ ಬೇರೆ. ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ.

ಹಂತ 4: ದೂರು ಬರೆಯುವುದು. ಇಲ್ಲಿ ಅವಸರ ಬೇಡ. ಕಳ್ಳತನ ಆಯಿತೋ, ಎಲ್ಲೋ ಬಿತ್ತೋ ಗೊತ್ತಿಲ್ಲದಿದ್ದರೆ 'ಕದ್ದಿದ್ದಾರೆ' ಎಂದು ಸುಮ್ನೆ ಬರೆಯಬೇಡಿ. ನಿಮಗೆ ಖಚಿತವಾಗಿ ಗೊತ್ತಿರುವುದು ಒಂದೇ: ನಿಮ್ಮ ಒಪ್ಪಿಗೆ ಇಲ್ಲದೆ ಯಾರೋ ಕಾರ್ಡ್ ಬಳಸಿದ್ದಾರೆ. ಅದನ್ನೇ ಮೊದಲ ಸಾಲಿನಲ್ಲಿ ಬರೆಯಿರಿ. ಆಮೇಲೆ ಪ್ರತಿ ವಹಿವಾಟಿನ ದಿನಾಂಕ, ಗಂಟೆ, ಮೊತ್ತ, ಅಂಗಡಿಯ ಹೆಸರು. ಕಾರ್ಡ್ ನಂಬರಿನ ಕೊನೆಯ ನಾಲ್ಕು ಅಂಕಿ ಸಾಕು, ಸಿವಿವಿಯನ್ನು (ಕಾರ್ಡಿನ ಮೇಲಿರುವ ಗುಟ್ಟಿನ ಅಂಕಿ) ಯಾರಿಗೂ ಬರೆದುಕೊಡಬೇಡಿ. ಕಾರ್ಡನ್ನು ಕೊನೆಗೆ ನೋಡಿದ್ದು ಎಲ್ಲಿ, ಬ್ಲಾಕ್ ಮಾಡಿದ್ದು ಎಷ್ಟು ಹೊತ್ತಿಗೆ, ಅದೂ ಇರಲಿ. ಅಂಗಡಿಯ ಸಿಸಿಟಿವಿ ದೃಶ್ಯ ತೆಗೆದಿಡಲು ಕೋರುವ ಸಾಲನ್ನು ಮರೆಯಬೇಡಿ, ಹಳೆಯದು ತಾನಾಗಿ ಅಳಿಸಿಹೋಗುತ್ತದೆ.

'ಇದು ನಮ್ಮ ವ್ಯಾಪ್ತಿಗೆ ಬರಲ್ಲ' ಎಂದು ಠಾಣೆಯವರು ಹೇಳಿದರೆ ಝೀರೊ ಎಫ್‌ಐಆರ್ ಕೇಳಿ, ಅಂದರೆ ವ್ಯಾಪ್ತಿ ನೋಡದೆ ಯಾವ ಠಾಣೆಯಲ್ಲಾದರೂ ದಾಖಲಿಸುವ ಎಫ್‌ಐಆರ್. ಆನ್‌ಲೈನ್‌ನಲ್ಲಿ ಮಾಹಿತಿ ಕೊಟ್ಟಿದ್ದರೆ 3 ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು.

ಹಂತ 5: ಕಲಂ ನೋಡಿಕೊಳ್ಳಿ. ಎಫ್‌ಐಆರ್ ಪ್ರತಿ ಉಚಿತ, ಓದಿಯೇ ತನ್ನಿ. ಭಾರತೀಯ ನ್ಯಾಯ ಸಂಹಿತೆಯ 303(2) ಕಳ್ಳತನಕ್ಕೆ, 3 ವರ್ಷದವರೆಗೆ ಜೈಲು. ಬಿದ್ದಿದ್ದ ಕಾರ್ಡ್ ಎತ್ತಿಕೊಂಡು ಬಳಸಿದವನೂ ಪಾರಾಗುವುದಿಲ್ಲ. ಕಾರ್ಡಿನ ಮೇಲೆ ಮಾಲೀಕರ ಹೆಸರೇ ಇರುತ್ತದೆ, ಅಲ್ವಾ? ಸಿಕ್ಕಿದ್ದನ್ನು ತನ್ನದಾಗಿಸಿಕೊಂಡರೆ 314ನೇ ಕಲಂ: ಕನಿಷ್ಠ 6 ತಿಂಗಳು, ಗರಿಷ್ಠ 2 ವರ್ಷ. ಅಂಗಡಿಯವರನ್ನು ನಂಬಿಸಿ ಸಾಮಾನು ತಂದರೆ ಅದು ವಂಚನೆ, 318(4). ಅದಕ್ಕೆ 7 ವರ್ಷದವರೆಗೆ. ಬೇರೆಯವರ ಪಾಸ್‌ವರ್ಡ್, ಗುರುತಿನ ವಿವರ ದುರ್ಬಳಕೆಗೆ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಸಿ: 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ.

'ಬರೀ ಟ್ಯಾಪ್ ಮಾಡಿದ್ದು, ಸಣ್ಣ ಮೊತ್ತ' ಎನ್ನುವ ಹುಡುಗರಿದ್ದಾರೆ. ಕಾರ್ಡನ್ನು ಮೆಷಿನ್ನಿಗೆ ತಾಗಿಸಿದರೆ ಸಾಕು, ಪಿನ್ ಇಲ್ಲದೆ 5,000 ರೂಪಾಯಿವರೆಗೆ ಟ್ಯಾಪ್ ಆಗುತ್ತದೆ, ನಿಜ. ಅದಕ್ಕಿಂತ ಕಡಿಮೆ ಬೆಲೆಯ ಮೊದಲ ಕಳ್ಳತನಕ್ಕೆ, ಹಣ ವಾಪಸ್ ಕೊಟ್ಟರೆ, ಸಮುದಾಯ ಸೇವೆಯ ಶಿಕ್ಷೆ ಇರುವುದೂ ನಿಜ. ಆದರೆ ಆ ರಿಯಾಯಿತಿ ಕಳ್ಳತನದ ಕಲಮಿನಲ್ಲಿದೆ, ವಂಚನೆಯದರಲ್ಲಿಲ್ಲ. ಟ್ಯಾಪ್ ಭಯಕ್ಕೆ 'ಸ್ಕ್ಯಾನ್ ತಡೆಯುವ' ಪರ್ಸ್ ಕೊಳ್ಳುವುದು ದುಡ್ಡು ದಂಡ. ಆ್ಯಪ್‌ನಲ್ಲಿ ಆ ಸೌಲಭ್ಯವನ್ನೇ ಆಫ್ ಮಾಡಿ, ಪುಕ್ಕಟೆ.

ಆರೋಪಿ ಸಿಕ್ಕ ಮೇಲೆ ಮನೆಯವರು ಬಂದು 'ಹಣ ಕೊಡ್ತೀವಿ, ಕೇಸ್ ವಾಪಸ್ ತಗೊಳ್ಳಿ' ಎನ್ನಬಹುದು. ವಂಚನೆಯ ಕಲಂ ಇದ್ದರೆ ಠಾಣೆಯಲ್ಲಿ ಕೂತು ರಾಜಿ ಬರೆದು ಮುಗಿಸಲು ಆಗುವುದಿಲ್ಲ. ಅದಕ್ಕೆ ನ್ಯಾಯಾಲಯದ ಅನುಮತಿ ಬೇಕು.